ತಲಪಾಡಿ ದಾಟುವ ಮೊದಲು ಕೈಯಲ್ಲಿರಬೇಕಾದ ಚೀಟಿ

(ಕಾಸರಗೋಡಿನಲ್ಲಿ ಕನ್ನಡ ಕೇಳುಗರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಎಲ್ಲರಿಗೂ ನಮಸ್ಕಾರ. ಆರೋಗ್ಯದ ಹಕ್ಕು ಎಂದ ಕೂಡಲೇ ಸಂವಿಧಾನದ ಪುಟ ತೆರೆಯುವುದು ವಾಡಿಕೆ. ಅಲ್ಲಿಗೆ ಆಮೇಲೆ ಬರೋಣ, ಮೊದಲು ಒಂದು ಚೀಟಿ ನೋಡೋಣ. ನಮ್ಮ ಜಿಲ್ಲೆಯಲ್ಲಿ ಬಹುತೇಕ ಎಲ್ಲ ಮನೆಗೂ ಈ ಚೀಟಿ ಒಂದಲ್ಲ ಒಂದು ಸಲ ಬಂದಿರುತ್ತದೆ. ಒಪಿ ಚೀಟಿಯ ಹಿಂಬದಿಯಲ್ಲೋ ಅಂಗೈಯಗಲದ ಕಾಗದದಲ್ಲೋ ಒಂದೇ ಸಾಲು: ‘ಹೈಯರ್ ಸೆಂಟರಿಗೆ ರೆಫರ್ ಮಾಡಿದೆ.’ ಕೆಳಗೆ ಓದಲಿಕ್ಕಾಗದ ಸಹಿ. ಯಾವ ಸೆಂಟರು, ಯಾಕೆ, ಇಲ್ಲಿ ಏನು ಮದ್ದು ಕೊಟ್ಟರು, ಎಷ್ಟು ಗಂಟೆಗೆ ಕೊಟ್ಟರು, ಒಂದೂ ಇಲ್ಲ.

ಆ ಚೀಟಿ ಹಿಡಿದುಕೊಂಡು ಮನೆಯವರು ಆಂಬುಲೆನ್ಸ್ ಹತ್ತುತ್ತಾರೆ. ಉತ್ತರಕ್ಕೆ ಹೋದರೆ ಸುಮಾರು 50 ಕಿಲೋಮೀಟರಿನಲ್ಲಿ ಮಂಗಳೂರು, ದಕ್ಷಿಣಕ್ಕೆ ಹೋದರೆ ಅದಕ್ಕಿಂತ ದೂರದಲ್ಲಿ ಪರಿಯಾರಂ ಮೆಡಿಕಲ್ ಕಾಲೇಜು. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರಿಗೆ ಮಂಗಳೂರೇ ಹತ್ತಿರ, ಮಾತಿಗೂ ಅದೇ ಹತ್ತಿರ. ಆದರೆ ತಲಪಾಡಿ ದಾಟಿದ ಕೂಡಲೇ ರಾಜ್ಯ ಬದಲಾಗುತ್ತದೆ, ಕಾರ್ಡು ಬದಲಾಗುತ್ತದೆ, ದೂರು ಕೊಡುವ ಕಚೇರಿ ಬದಲಾಗುತ್ತದೆ. ಇವತ್ತು ಹೇಳಲಿಕ್ಕಿರುವುದು ಇದೇ: ನಮ್ಮಲ್ಲಿ ಚಿಕಿತ್ಸೆಯ ಹಕ್ಕು ಕೈತಪ್ಪುವುದು ಹೆಚ್ಚಾಗಿ ಕೌಂಟರಿನಲ್ಲಿ. ಕಾಗದ, ಮಾತು, ಗಡಿ, ಈ ಮೂರರ ಸಂದಿಯಲ್ಲಿ. ಅದನ್ನು ಅಲ್ಲೇ ಹಿಡಿದುಕೊಳ್ಳುವುದು ಹೇಗೆ ಎಂದು ನೋಡೋಣ.

ಕಾನೂನಿನ ಬುಡ ಬೇಗ ಹೇಳಿ ಮುಗಿಸುತ್ತೇನೆ. ಸಂವಿಧಾನದಲ್ಲಿ ‘ಆರೋಗ್ಯದ ಹಕ್ಕು’ ಎಂದು ಬೇರೆಯಾಗಿ ಬರೆದಿಲ್ಲ. 21ನೆಯ ವಿಧಿಯ ಬದುಕುವ ಹಕ್ಕಿನೊಳಗೆ ಅದು ಇದೆ ಎಂದು ಸುಪ್ರೀಂ ಕೋರ್ಟು ಹೇಳುತ್ತ ಬಂದಿದೆ. 1989ರ ಪರಮಾನಂದ ಕಟಾರಾ ತೀರ್ಪಿನ ಪ್ರಕಾರ ಜೀವಕ್ಕೆ ಅಪಾಯವಿರುವವರಿಗೆ ತುರ್ತು ಚಿಕಿತ್ಸೆ ಕೊಡುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ವೈದ್ಯರ ಕರ್ತವ್ಯ. ಪೊಲೀಸ್ ಕಾಗದ ಆಮೇಲೆ. 1996ರ ಇನ್ನೊಂದು ತೀರ್ಪು ನಮಗೆ ಇನ್ನೂ ಹತ್ತಿರದ್ದು. ಪಶ್ಚಿಮ ಬಂಗಾಳದಲ್ಲಿ ಹಕೀಂ ಶೇಖ್ ಎಂಬ ಕೂಲಿಕಾರ 1992ರ ಜುಲೈಯಲ್ಲಿ ರೈಲಿನಿಂದ ಬಿದ್ದು ತಲೆಗೆ ಏಟಾಯಿತು. ಒಂದು ಆಸ್ಪತ್ರೆಯಲ್ಲಿ ಸೌಲಭ್ಯ ಇಲ್ಲ, ಇನ್ನೊಂದರಲ್ಲಿ ಬೆಡ್ ಇಲ್ಲ. ಸುತ್ತಿ ಸುತ್ತಿ ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17 ಸಾವಿರ ರೂಪಾಯಿ ಖರ್ಚು. ಕೋರ್ಟು ಅವರಿಗೆ 25 ಸಾವಿರ ಪರಿಹಾರ ಕೊಡಿಸಿತು. ದುಡ್ಡಿಲ್ಲ ಎಂಬುದು ಸರ್ಕಾರದ ನೆವ ಆಗಕೂಡದು ಎಂದಿತು. ಇಲ್ಲಿ ಗಮನಿಸಬೇಕಾದ್ದು ಇದು: ಅವರು ಗೆದ್ದದ್ದು ಯಾವ ಆಸ್ಪತ್ರೆಗೆ ಯಾವಾಗ ಹೋದರು, ಯಾಕೆ ಮುಂದೆ ಕಳಿಸಿದರು ಎಂಬುದು ದಾಖಲೆಯಲ್ಲಿ ಇದ್ದುದರಿಂದ. ಮತ್ತೆ ಚೀಟಿಗೇ ಬಂದೆವು ನೋಡಿ.

ರೆಫರ್ ಚೀಟಿ ಹೇಗಿರಬೇಕು? ಹಾವು ಕಡಿದ ಉದಾಹರಣೆ ತೆಗೆದುಕೊಳ್ಳೋಣ. ಅಡಿಕೆ ತೋಟ, ಗೇರು ತೋಟ, ರಬ್ಬರ್ ತೋಟ ಇರುವ ಊರಿಗೆ ಇದು ದೂರದ ಮಾತಲ್ಲ. ಕಡಿತಕ್ಕೆ ಒಳಗಾದವರನ್ನು ಕರೆದುಕೊಂಡು ಬಂದ ಆಸ್ಪತ್ರೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಉಂಟು, ಅದಕ್ಕೆ ಯಂತ್ರ ಬೇಡ. 2 ಮಿಲಿಲೀಟರ್ ರಕ್ತವನ್ನು ಹೊಸ, ಒಣಗಿದ ಗಾಜಿನ ಟೆಸ್ಟ್ ಟ್ಯೂಬಿಗೆ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡುವುದು, ಆಮೇಲೆ ಟ್ಯೂಬನ್ನು ಓರೆ ಮಾಡಿ ನೋಡುವುದು. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ಹಾವಿನ ವಿಷ ಒಳಗೆ ಕೆಲಸ ಮಾಡುತ್ತಿದೆ ಎಂದರ್ಥ. ಟ್ಯೂಬು ಪ್ಲಾಸ್ಟಿಕ್ಕಿನದಾದರೆ ಅಥವಾ ಸೋಪುಪುಡಿಯಲ್ಲಿ ತೊಳೆದದ್ದಾದರೆ ಫಲಿತಾಂಶ ಕೈಕೊಡುತ್ತದೆ. ಒಳ್ಳೆಯ ರಕ್ತವೂ ಹೆಪ್ಪುಗಟ್ಟುವುದಿಲ್ಲ. ವಿಷ ಏರಿದ ಲಕ್ಷಣ ಇದ್ದರೆ ಮೊದಲ ಡೋಸು ಸಾಮಾನ್ಯವಾಗಿ 8ರಿಂದ 10 ವಯಲ್ ಆಂಟಿವೆನಮ್. ಮಂಡಲದ ವಿಷವಾದರೆ ಆರು ಗಂಟೆ ಬಿಟ್ಟು ಮತ್ತೆ ಅದೇ ಟ್ಯೂಬ್ ಪರೀಕ್ಷೆ ಮಾಡಿ, ಇನ್ನೊಂದು ಡೋಸು ಬೇಕೇ ಎಂದು ತೀರ್ಮಾನ.

ಈಗ ಯೋಚಿಸಿ. ಮೊದಲ ಡೋಸು ಇಲ್ಲೇ ಕೊಟ್ಟು ಕಳಿಸಿದ್ದಾರೆ, ಚೀಟಿಯಲ್ಲಿ ಬರೆದಿಲ್ಲ. ಅತ್ತ ಕಡೆಯ ಡಾಕ್ಟರಿಗೆ ಆರು ಗಂಟೆ ಎಲ್ಲಿಂದ ಎಣಿಸುವುದು ಎಂದೇ ತಿಳಿಯುವುದಿಲ್ಲ. ಹತ್ತು ವಯಲ್ ಮತ್ತೆ ಹೋದೀತು, ಅಥವಾ ಕೊಡಬೇಕಾದ್ದು ತಡವಾದೀತು. ಇನ್ನೊಂದು ಸೂಕ್ಷ್ಮವೂ ಉಂಟು. ನಮ್ಮಲ್ಲಿ ಸಿಗುವ ಆಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಮಾಡಿದ್ದು. ಮೂಗು ಮೇಲಕ್ಕೆದ್ದ ಸಣ್ಣ ಮಂಡಲದ ಹಾವೊಂದು ಪಶ್ಚಿಮ ಘಟ್ಟದ ತೋಟಗಳಲ್ಲಿದೆ, ಅದರ ವಿಷಕ್ಕೆ ಈ ಮದ್ದು ಕೆಲಸ ಮಾಡುವುದಿಲ್ಲ. ಆದರೆ ಆ ವಿಷ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಆದ್ದರಿಂದ ದೂರದಿಂದಲೇ ಸಾಧ್ಯವಾದರೆ ಮೊಬೈಲಿನಲ್ಲಿ ಒಂದು ಫೋಟೋ ಸಾಕು, ಹಾವನ್ನು ಹೊಡೆದು ಚೀಲದಲ್ಲಿ ತರುವ ಸಾಹಸ ಬೇಡ.

ಹಾಗಾಗಿ ಆಂಬುಲೆನ್ಸ್ ಹೊರಡುವ ಮೊದಲು ಚೀಟಿಯಲ್ಲಿ ಇಷ್ಟು ಕೇಳಿ ಬರೆಸಿಕೊಳ್ಳಿ: ಬಂದ ಗಂಟೆ, ಹೊರಟ ಗಂಟೆ, ಆಗಿನ ಬಿಪಿ, ನಾಡಿ, ಪ್ರಜ್ಞೆಯ ಸ್ಥಿತಿ; ಮಾಡಿದ ಪರೀಕ್ಷೆ, ಕೊಟ್ಟ ಮದ್ದು, ಅದರ ಪ್ರಮಾಣ ಮತ್ತು ಸಮಯ; ಕಳಿಸುವ ಕಾರಣ, ಅಂದರೆ ಐಸಿಯು ಇಲ್ಲವೋ, ನ್ಯೂರೋ ಡಾಕ್ಟರು ಇಲ್ಲವೋ, ಡಯಾಲಿಸಿಸ್ ಇಲ್ಲವೋ; ಯಾವ ಆಸ್ಪತ್ರೆಗೆ, ಅಲ್ಲಿ ಯಾರ ಹತ್ತಿರ ಫೋನಿನಲ್ಲಿ ಮಾತಾಡಿದರು ಎಂಬುದು. ಕೊನೆಯದ್ದು ಮುಖ್ಯ. ‘ಬೆಡ್ ಉಂಟಾ?’ ಎಂದು ಒಂದು ಕರೆ ಮಾಡದೆ ಕಳಿಸಿದ ರೋಗಿ ಮೂರು ಗೇಟು ಸುತ್ತುತ್ತಾರೆ. ಚೀಟಿಯ ಫೋಟೋ ತೆಗೆದು ಮನೆಯ ಇಬ್ಬರ ಫೋನಿನಲ್ಲಿಡಿ. ಮೂಲ ಕಾಗದ ಕ್ಯಾಶುವಾಲ್ಟಿಯಲ್ಲಿ ಕೈಯಿಂದ ಕೈಗೆ ಹೋಗಿ ಕಾಣೆಯಾಗುವುದು ಮಾಮೂಲು.

ಇನ್ನು ಗಡಿಯ ಮಾತು. 2020ರ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ ಯಾರಿಗೂ ಮರೆತಿರಲಿಕ್ಕಿಲ್ಲ. ಕೊರೊನಾ ಲಾಕ್‌ಡೌನಿನಲ್ಲಿ ಕರ್ನಾಟಕದವರು ಗಡಿಯ ರಸ್ತೆಗೆ ಮಣ್ಣು ಸುರಿದು ದಾರಿ ಮುಚ್ಚಿದರು. ಮಂಗಳೂರಿನಲ್ಲಿ ಡಯಾಲಿಸಿಸ್, ಕೀಮೋ ನಡೆಯುತ್ತಿದ್ದವರು ಇತ್ತ ಕಡೆಯೇ ಸಿಕ್ಕಿಬಿದ್ದರು, ಸಕಾಲಕ್ಕೆ ಆಸ್ಪತ್ರೆ ಸಿಗದೆ ಸಾವುಗಳಾದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರವು ಮಾಡಿಸುವಂತೆ ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 7ನೆಯ ತಾರೀಕಿಗೆ ರೋಗಿಗಳನ್ನು ಬಿಡುವ ಕ್ರಮದ ಬಗ್ಗೆ ಒಪ್ಪಂದವಾಯಿತು ಎಂದು ಕೇಂದ್ರ ತಿಳಿಸಿತು. ಅದೇ ವಾರ ನಮ್ಮ ಜಿಲ್ಲೆಯದೇ ಆದ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕಟ್ಟಡ ಕೊರೊನಾ ಆಸ್ಪತ್ರೆಯಾಗಿ ತೆರೆಯಿತು. ಅದರ ಶಿಲಾನ್ಯಾಸ ಆದದ್ದು 2013ರ ನವೆಂಬರದಲ್ಲಿ. ಆರು ವರ್ಷಕ್ಕೂ ಮೇಲೆ ಆಗದ ಕೆಲಸ ಗಡಿ ಮುಚ್ಚಿದಾಗ ಕೆಲವೇ ದಿನಗಳಲ್ಲಿ ಆಯಿತು. ಇದನ್ನು ಹೊಗಳಬೇಕೋ ಬೈಯಬೇಕೋ, ನಿಮಗೇ ಬಿಟ್ಟದ್ದು.

ಮಣ್ಣಿನ ರಾಶಿ ಹೋಯಿತು. ಆದರೆ ಕಾಣದ ಗಡಿ ಇನ್ನೂ ಉಂಟು, ಅದು ಕಾರ್ಡಿನಲ್ಲಿ. ಕೇರಳದ ‘ಕಾಸ್ಪ್’, ಅಂದರೆ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಒಳರೋಗಿ ಚಿಕಿತ್ಸೆ ಸಿಗುತ್ತದೆ. ಆದರೆ ಕಾರ್ಡುದಾರರು ಎರಡು ಬಗೆ. ಕೇಂದ್ರದ ಆಯುಷ್ಮಾನ್ ಭಾರತ್ ಪಟ್ಟಿಯಲ್ಲಿರುವ ಕುಟುಂಬಗಳು ಒಂದು, ಕೇರಳ ಸರ್ಕಾರ ತನ್ನ ಖರ್ಚಿನಲ್ಲಿ ಸೇರಿಸಿದ ಕುಟುಂಬಗಳು ಇನ್ನೊಂದು. ಮೊದಲ ಬಗೆಯವರಿಗೆ ‘ಪೋರ್ಟೆಬಿಲಿಟಿ’ ಉಂಟು: ದೇಶದ ಯಾವ ರಾಜ್ಯದಲ್ಲಾದರೂ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಕಾರ್ಡು ನಡೆಯಬೇಕು. ಎರಡನೆಯವರಿಗೆ ತಲಪಾಡಿಯ ಆಚೆ ಅದೇ ಭರವಸೆ ಇಲ್ಲ. ಕೈಯಲ್ಲಿರುವ ಕಾರ್ಡು ನೋಡಿದರೆ ತಾನು ಯಾವ ಬಗೆ ಎಂದು ಮನೆಯವರಿಗೆ ಗೊತ್ತಾಗುವುದಿಲ್ಲ. ಕಾಯಿಲೆ ಬರುವ ಮೊದಲೇ ಜನರಲ್ ಆಸ್ಪತ್ರೆಯ ಕಾಸ್ಪ್ ಕೌಂಟರಿನಲ್ಲಿ ಇದೊಂದನ್ನು ಕೇಳಿ ಬರೆದಿಟ್ಟುಕೊಳ್ಳಿ. ಆಯುಷ್ಮಾನ್ ಸಹಾಯವಾಣಿ 14555. ಇನ್ನು ಕರ್ನಾಟಕದ ಆರೋಗ್ಯ ಕರ್ನಾಟಕ ಯೋಜನೆಯ ರಾಜ್ಯದ ಪಾಲು ಅಲ್ಲಿನ ರೇಷನ್ ಕಾರ್ಡಿಗೆ ಅಂಟಿಕೊಂಡಿದೆ. ‘ನಾವೂ ಕನ್ನಡದವರೇ’ ಎಂದರೆ ಕಂಪ್ಯೂಟರ್ ಒಪ್ಪುವುದಿಲ್ಲ.

ಪೋರ್ಟೆಬಿಲಿಟಿ ಇದ್ದರೂ ಸೋಲುವುದು ಎಲ್ಲಿ? ಮೂರು ಕಡೆ. ಒಂದು, ಮೊದಲು ದುಡ್ಡು ಕಟ್ಟಿ ಅಡ್ಮಿಟ್ ಆಗಿ, ಡಿಸ್ಚಾರ್ಜಿನ ದಿನ ಕಾರ್ಡು ತೋರಿಸುವುದು. ಈ ಯೋಜನೆ ಕ್ಯಾಶ್‌ಲೆಸ್, ಚಿಕಿತ್ಸೆಗೆ ಮುಂಚೆ ಒಪ್ಪಿಗೆ ಬರಬೇಕು. ಅಡ್ಮಿಟ್ ಆಗುವಾಗಲೇ ‘ಆರೋಗ್ಯ ಮಿತ್ರ’ರ, ಅಂದರೆ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವವರ, ಕೌಂಟರ್ ಎಲ್ಲಿ ಎಂದು ಕೇಳಿ. ಎರಡು, ಆಸ್ಪತ್ರೆ ಪಟ್ಟಿಯಲ್ಲಿದ್ದರೂ ಆ ವಿಭಾಗ ಪಟ್ಟಿಯಲ್ಲಿಲ್ಲದಿರುವುದು. ಎಲುಬಿನ ವಿಭಾಗಕ್ಕೆ ಸೇರಿದ್ದು ಹೃದಯಕ್ಕೆ ಸೇರಿರಲಿಕ್ಕಿಲ್ಲ. ಹೊರರೋಗಿ ಚಿಕಿತ್ಸೆಗೆ ಇದು ನಡೆಯುವುದೇ ಇಲ್ಲ. ಆದರೆ ಅಡ್ಮಿಟ್ ಆಗುವ ಮೂರು ದಿನ ಹಿಂದಿನ ಪರೀಕ್ಷೆಗಳು, ಬಿಡುಗಡೆಯಾಗಿ 15 ದಿನದ ಮದ್ದು ಪ್ಯಾಕೇಜಿನೊಳಗೇ ಬರುತ್ತವೆ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಮೂರನೆಯದ್ದು ಹೆಸರು. ಇದು ನಮ್ಮದೇ ರೋಗ. ಕನ್ನಡ ಶಾಲೆಯ ಸರ್ಟಿಫಿಕೇಟಿನಲ್ಲಿ ‘ನಾರಾಯಣ’, ರೇಷನ್ ಕಾರ್ಡಿನಲ್ಲಿ ‘ನಾರಾಯಣನ್’. ‘ಶಂಕರ’ ಒಂದು ಕಡೆ ‘ಸಂಕರನ್’. ಇನಿಷಿಯಲ್ಲು ಆಧಾರಿನಲ್ಲಿ ಹೆಸರಿನ ಹಿಂದೆ, ಕಾರ್ಡಿನಲ್ಲಿ ಮುಂದೆ. ಮನೆಹೆಸರು ಒಂದರಲ್ಲಿ ಉಂಟು, ಇನ್ನೊಂದರಲ್ಲಿ ಇಲ್ಲ. ಕೇರಳದೊಳಗಿನ ಕೌಂಟರಿನಲ್ಲಿ ‘ಇಬ್ಬರೂ ಒಬ್ಬರೇ’ ಎಂದು ಅಂದಾಜಾಗುತ್ತದೆ. ಮಂಗಳೂರಿನಲ್ಲಿ ಹೆಸರು ತಾಳೆಯಾಗಲಿಲ್ಲ ಎಂದು ಅರ್ಜಿ ನಿಂತರೆ, ಸರಿಮಾಡಿಸಲು ವಾಪಸ್ ಊರಿಗೆ ಬರಬೇಕು, ರೋಗಿ ಅಲ್ಲೇ. ಹೆಸರು ಸರಿಮಾಡಿಸುವುದು ಅಕ್ಷಯ ಕೇಂದ್ರದಲ್ಲಿ, ಅಂದರೆ ಸರ್ಕಾರಿ ಆನ್‌ಲೈನ್ ಸೇವೆಯ ಕೇಂದ್ರದಲ್ಲಿ, ಆರೋಗ್ಯವಾಗಿರುವಾಗ ಮಾಡುವ ಕೆಲಸ. ಮೊದಲು ಆಧಾರ್ ಸರಿ ಮಾಡಿ, ಆಮೇಲೆ ಅದಕ್ಕೆ ತಕ್ಕಂತೆ ರೇಷನ್ ಕಾರ್ಡು. ಹಿಂದುಮುಂದಾದರೆ ಎರಡೆರಡು ಸಲ ಸುತ್ತಬೇಕು.

ಯಾವ ಕಾರ್ಡೂ ಇಲ್ಲದ, ವರ್ಷದ ಆದಾಯ 3 ಲಕ್ಷಕ್ಕಿಂತ ಕಡಿಮೆ ಇರುವ ಕುಟುಂಬಕ್ಕೆ ಕಾರುಣ್ಯ ಬೆನೆವೊಲೆಂಟ್ ಫಂಡ್ ಉಂಟು: ಒಂದೇ ಸಲ ಸಿಗುವ ಸಹಾಯ, 2 ಲಕ್ಷದವರೆಗೆ, ಕಿಡ್ನಿ ರೋಗಕ್ಕೆ 3 ಲಕ್ಷದವರೆಗೆ. ಹೆದ್ದಾರಿ 66ರಲ್ಲಿ ಅಪಘಾತವಾದರೆ 2025ರ ಮೇಯಿಂದ ಬಂದ ಕೇಂದ್ರದ ಯೋಜನೆಯಲ್ಲಿ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಏಳು ದಿನ, ಒಂದೂವರೆ ಲಕ್ಷದವರೆಗೆ ಕ್ಯಾಶ್‌ಲೆಸ್. ಅದಕ್ಕೆ ನಮ್ಮ ಕಾರ್ಡಿನ ಬಣ್ಣ ಲೆಕ್ಕಕ್ಕಿಲ್ಲ.

ಮಾತಿನ ವಿಷಯಕ್ಕೆ ಬರುತ್ತೇನೆ. ಭಾಷೆಯ ಹಕ್ಕು ಎಂದರೆ ಬೋರ್ಡಿನ ಜಗಳ ಎಂದು ಕೆಲವರಿಗೆ ಅನಿಸುತ್ತದೆ. ಆಸ್ಪತ್ರೆಯೊಳಗೆ ಅದು ಡೋಸಿನ ಪ್ರಶ್ನೆ. ಮಲಯಾಳದಲ್ಲಿ ‘ಮುಟ್ಟು’ ಎಂದರೆ ಮೊಣಕಾಲು. ‘ಮುಟ್ಟುವೇದನ ಉಂಡೋ’ ಎಂದು ಡಾಕ್ಟರು ಕೇಳಿದರೆ ಮಲಯಾಳ ಅಷ್ಟಾಗಿ ತಿಳಿಯದ ನಮ್ಮ ಅಜ್ಜಿಗೆ ಕೇಳಿಸುವುದೇ ಬೇರೆ. ನಾಚಿಕೆಯಿಂದ ತಲೆಯಾಡಿಸಿ ಬರುತ್ತಾರೆ. ನಗು ಬರುತ್ತದೆ, ಸರಿ. ಆದರೆ ‘ಒನ್ನರಾಡನ್’ ಎಂಬ ಶಬ್ದ ನೋಡಿ. ದಿನ ಬಿಟ್ಟು ದಿನ ಎಂದರ್ಥ. ‘ಒನ್ನರ’ ಎಂದರೆ ಒಂದೂವರೆ. ಅರ್ಧಂಬರ್ಧ ಮಲಯಾಳ ಬರುವವರಿಗೆ ದಿನ ಬಿಟ್ಟು ದಿನದ ಮಾತ್ರೆ ದಿನಕ್ಕೆ ಒಂದೂವರೆ ಮಾತ್ರೆಯಾಗಿ ಕೇಳಿಸಿದರೆ ಮೂರು ಪಟ್ಟು ಮದ್ದು ಹೊಟ್ಟೆಗೆ ಹೋಯಿತು. ಪೂರ್ತಿ ಬಾರದ ಭಾಷೆಗಿಂತ ಸ್ವಲ್ಪ ಬರುವ ಭಾಷೆ ಹೆಚ್ಚು ಅಪಾಯ. ಬಾರದವರು ಇನ್ನೊಮ್ಮೆ ಕೇಳುತ್ತಾರೆ, ಸ್ವಲ್ಪ ಬರುವವರು ಕೇಳುವುದಿಲ್ಲ.

ಇದಕ್ಕೆ ಕೌಂಟರಿನಲ್ಲೇ ಆಗುವ ಉಪಾಯ ಒಂದೇ: ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ ತೋರಿಸುವುದು. ‘ಇದು ಸೋಮವಾರ, ಬುಧವಾರ, ಶುಕ್ರವಾರ, ಒಂದೊಂದು, ಅಲ್ಲವಾ?’ ಮಾತ್ರೆಯ ಪಟ್ಟಿಯ ಮೇಲೆ ಫಾರ್ಮಸಿಯವರ ಎದುರೇ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ಮಕ್ಕಳನ್ನು ದುಭಾಷಿ ಮಾಡಬೇಡಿ. ಗರ್ಭಕೋಶದ ತೊಂದರೆಯನ್ನು ಹತ್ತು ವರ್ಷದ ಮಗನ ಬಾಯಿಂದ ಹೇಳಿಸಲು ಯಾವ ತಾಯಿಯೂ ಒಪ್ಪುವುದಿಲ್ಲ. ಅರ್ಧ ರೋಗ ಅಲ್ಲೇ ಮುಚ್ಚಿಹೋಗುತ್ತದೆ. ಆಶಾ ಕಾರ್ಯಕರ್ತೆ ಜೊತೆಗೆ ಬಂದರೆ ಒಳ್ಳೆಯದು.

ಆಪರೇಷನಿಗೆ ಮುಂಚಿನ ಒಪ್ಪಿಗೆ ಪತ್ರ ಇನ್ನೂ ಗಂಭೀರ. 2008ರ ಸಮೀರಾ ಕೋಹ್ಲಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು: ರೋಗಿಗೆ ಚಿಕಿತ್ಸೆ ಏನು, ಅಪಾಯ ಏನು, ಬೇರೆ ದಾರಿ ಉಂಟೇ ಎಂದು ತಿಳಿಸಿ ಪಡೆದ ಒಪ್ಪಿಗೆ ಮಾತ್ರ ಒಪ್ಪಿಗೆ, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನಿಗೆ ಸಲ್ಲುವುದಿಲ್ಲ. ಓದಲು ಬಾರದ ಲಿಪಿಯ ಫಾರ್ಮಿಗೆ ಸಹಿ ಹಾಕುವಾಗ ಸಹಿಯ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆಯಿರಿ: ‘ಇದರಲ್ಲಿರುವುದನ್ನು ಇಂಥವರು ನನಗೆ ಕನ್ನಡದಲ್ಲಿ ವಿವರಿಸಿದ್ದಾರೆ’, ಹೆಸರು, ತಾರೀಕು, ಗಂಟೆ. ವಿವರಿಸದಿದ್ದರೆ ಆ ಸಾಲು ಬರೆಯಲಿಕ್ಕೇ ಆಗುವುದಿಲ್ಲ, ಆಗ ತಾನಾಗಿಯೇ ವಿವರಿಸಬೇಕಾಗುತ್ತದೆ. ಮಾನಸಿಕ ಚಿಕಿತ್ಸೆಯಲ್ಲಂತೂ 2017ರ ಕಾಯ್ದೆಯೇ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಡಬೇಕು ಎಂದು ಬರೆದಿಟ್ಟಿದೆ.

ದೂರು, ಅರ್ಜಿ ಕನ್ನಡದಲ್ಲಿ ಕೊಡಬಹುದೇ? ಕೊಡಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ, ತಮಿಳು ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೆ, ಇಲಾಖಾ ಮುಖ್ಯಸ್ಥರ ಕಚೇರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಯ ಸ್ಥಳೀಯ ಕಚೇರಿಗಳಿಗೆ ತಮ್ಮ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ಆ ಭಾಷೆಯಲ್ಲಿ ಬರಬೇಕು. ಜಿಲ್ಲಾ ವೈದ್ಯಾಧಿಕಾರಿಗಳ ಕಚೇರಿ ಇರುವುದು ಕಾಞಂಗಾಡಿನಲ್ಲಿ. ‘ಅದು ಹೊಸದುರ್ಗ ತಾಲೂಕು, ಇಲ್ಲಿ ನಡೆಯುವುದಿಲ್ಲ’ ಎಂಬ ಮಾತು ಬಂದರೆ ಸಂವಿಧಾನದ 350ನೆಯ ವಿಧಿಯನ್ನು ಅರ್ಜಿಯ ತಲೆಯಲ್ಲೇ ಬರೆಯಿರಿ: ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಯಾವ ಅಧಿಕಾರಿಗೂ ಕೊಡಬಹುದು. ಸ್ವೀಕೃತಿ ಸಂಖ್ಯೆ ಇಲ್ಲದೆ ಕಚೇರಿಯಿಂದ ಹೊರಬರಬೇಡಿ. ಒಂದು ಕೊರತೆಯನ್ನು ಹೇಳಲೇಬೇಕು: ಖಾಸಗಿ ಆಸ್ಪತ್ರೆಗಳು ದರಪಟ್ಟಿ ತೂಗುಹಾಕಬೇಕು ಎನ್ನುವ ಕೇರಳದ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ ಕಾಯ್ದೆ ‘ಮಲಯಾಳ ಮತ್ತು ಇಂಗ್ಲಿಷ್’ ಎಂದಷ್ಟೇ ಹೇಳುತ್ತದೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳಿಗೆ ಕನ್ನಡವನ್ನೂ ಸೇರಿಸಲು ಒತ್ತಾಯಿಸುವುದು ನಮ್ಮ ಸಂಘಗಳ ಕೆಲಸ. ಆ ಕೆಲಸ ಭಾಷಣದಲ್ಲಿ ಮುಗಿಯುವುದಿಲ್ಲ.

ಎಂಡೋಸಲ್ಫಾನ್ ಎಂಬ ಕೀಟನಾಶಕದ ಕತೆ ಹೇಳದೆ ಈ ಜಿಲ್ಲೆಯಲ್ಲಿ ಆರೋಗ್ಯದ ಹಕ್ಕಿನ ಮಾತು ಮುಗಿಸಲಿಕ್ಕಾಗದು. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು, ಎಣ್ಮಕಜೆಯ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ್ ಕುಮಾರ್ ರೋಗಗಳ ವಿಚಿತ್ರ ಗುಂಪನ್ನು ಗುರುತಿಸಿದ್ದು ಎಲ್ಲರಿಗೂ ಗೊತ್ತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಕೊನೆಯಲ್ಲಿ ಪರಿಹಾರ ಶಿಫಾರಸು ಮಾಡಿತು, 2011ರ ಮೇಯಲ್ಲಿ ಸುಪ್ರೀಂ ಕೋರ್ಟು ನಿಷೇಧಿಸಿತು, 2017ರ ಜನವರಿಯಲ್ಲಿ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಎಂದಿತು. ಐದು ವರ್ಷ ಕಳೆದು 2022ರ ಮೇಯಲ್ಲಿ ನೋಡಿದರೆ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ, ಅದೂ ಕೋರ್ಟಿಗೆ ಹೋದ ಎಂಟು ಮಂದಿಗೆ. ಕೋರ್ಟು ಆ ಎಂಟು ಮಂದಿಗೆ ತಲಾ 50 ಸಾವಿರ ಖರ್ಚು ಕೊಡಿಸಿ, ಮುಖ್ಯ ಕಾರ್ಯದರ್ಶಿ ತಿಂಗಳಿಗೊಮ್ಮೆ ಸಭೆ ಮಾಡಬೇಕು ಎಂದ ಮೇಲೆ ಉಳಿದವರಲ್ಲಿ ಬಹುಪಾಲು ಜನರಿಗೆ ಹಣ ಬಂತು. ಪರಿಹಾರ ಚಿಕಿತ್ಸೆಯಲ್ಲ, ಇದನ್ನು ಮರೆಯಬಾರದು. ಮಲಗಿದಲ್ಲೇ ಇರುವ ಮಗುವಿಗೆ ಬೇಕಾದ್ದು ತಿಂಗಳು ತಿಂಗಳು ತಪ್ಪದೆ ಸಿಗುವ ಅಪಸ್ಮಾರದ ಮದ್ದು, ಫಿಸಿಯೋಥೆರಪಿ, ಅಮ್ಮನಿಗೆ ಒಂದು ದಿನದ ಬಿಡುವು.

ದುಡ್ಡು ಕಟ್ಟಿ ಪಡೆದ ಚಿಕಿತ್ಸೆಯಲ್ಲಿ ತಪ್ಪಾದರೆ? ಮೊದಲು ದಾಖಲೆ ಕೇಳಿ, ಬರಹದಲ್ಲಿ. ವೈದ್ಯರ ವೃತ್ತಿ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ಕೊಡಬೇಕು, ಮೂರು ವರ್ಷ ಇಟ್ಟಿರಬೇಕು. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ನರ್ಸ್ ಚಾರ್ಟು, ಒಪ್ಪಿಗೆ ಪತ್ರ, ಬಿಲ್ಲಿನ ವಿವರ ಬೇಕು. ಆಸ್ಪತ್ರೆ ಮಂಗಳೂರಿನದ್ದಾದರೂ ಗ್ರಾಹಕ ದೂರನ್ನು ಕಾಸರಗೋಡಿನಲ್ಲೇ ಕೊಡಬಹುದು. 2019ರ ಕಾಯ್ದೆ ದೂರುದಾರರು ವಾಸವಿರುವ ಜಿಲ್ಲೆಯಲ್ಲಿ ಅವಕಾಶ ಕೊಟ್ಟಿದೆ. ಗಡಿಯವರಿಗೆ ಇದಕ್ಕಿಂತ ಉಪಕಾರದ ಕಲಮು ಇನ್ನೊಂದಿಲ್ಲ. ಅವಧಿ ಎರಡು ವರ್ಷ, ಕಟ್ಟಿದ ಮೊತ್ತ 5 ಲಕ್ಷದೊಳಗಾದರೆ ಶುಲ್ಕ ಇಲ್ಲ. ಎಲ್ಲರಿಗೂ ಪುಕ್ಕಟೆ ಇರುವ ಸರ್ಕಾರಿ ಆಸ್ಪತ್ರೆಗೆ ಈ ದಾರಿ ಇಲ್ಲ. ಅದಕ್ಕೆ ಮಾನವ ಹಕ್ಕುಗಳ ಆಯೋಗ, ಘಟನೆಯಾದ ಒಂದು ವರ್ಷದೊಳಗೆ. ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಫೋನ್ ಮಾಡಿ.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಒಂದು: ಬಿಲ್ಲು ಬಾಕಿ ಇದೆ ಎಂದು ಮೃತದೇಹ ಕೊಡದಿದ್ದರೆ ಏನು ಮಾಡುವುದು?

ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಂತೆ ಬಾಕಿಗಾಗಿ ದೇಹ ಹಿಡಿದಿಡುವಂತಿಲ್ಲ. ಬಾಕಿಯನ್ನು ಆಮೇಲೆ ವಸೂಲು ಮಾಡಿಕೊಳ್ಳಬಹುದು. ದೂರು ಕೇಳುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು, ತಕ್ಷಣಕ್ಕೆ 112. ಆದರೆ ದುಃಖದಲ್ಲಿ ಎಲ್ಲರೂ ಮರೆಯುವುದು ಬೇರೊಂದನ್ನು. ಮರಣ ನೋಂದಣಿ ಆಗುವುದು ಸಾವು ಸಂಭವಿಸಿದ ಊರಿನಲ್ಲಿ, ನಮ್ಮ ಪಂಚಾಯತಿನಲ್ಲಲ್ಲ. ಹೆರಿಗೆಯೂ ಹಾಗೆಯೇ, ಮಂಗಳೂರಿನಲ್ಲಿ ಹುಟ್ಟಿದ ಮಗುವಿನ ದಾಖಲೆ ಮಂಗಳೂರಿನದ್ದೇ. ಆಸ್ಪತ್ರೆಯವರು ಫಾರ್ಮು ಮುಂದಿಟ್ಟಾಗ ನೆನಪಿನಿಂದ ಹೇಳಬೇಡಿ. ಆಧಾರ್ ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು ಹೆಸರಿನ ಅಕ್ಷರ, ಇನಿಷಿಯಲ್ಲು, ಮನೆಹೆಸರು ಒಂದೊಂದಾಗಿ ನೋಡಿ ಬರೆಸಿ, ಕಳಿಸುವ ಮೊದಲು ಫೋಟೋ ತೆಗೆದುಕೊಳ್ಳಿ. ‘ನಾರಾಯಣ’ ಅಲ್ಲಿ ‘ನಾರಾಯಣನ್’ ಆಗಿಬಿಟ್ಟರೆ, ಒಂದು ಅಕ್ಷರಕ್ಕಾಗಿ ಮತ್ತೆ ತಲಪಾಡಿ ದಾಟಬೇಕು.